ಕೊನೇ ರ‍್ಯಾಂಕ್ ಬಂದ ಪ್ಲಾಂಟ್ ನಿಜಕ್ಕೂ ಕೆಟ್ಟದ್ದಾ?

ನಾಲ್ಕೈದು ದೇಶಗಳಲ್ಲಿ ಫ್ಯಾಕ್ಟರಿ ಇರುವ ಕಂಪನಿಗಳಿಗೆ ಒಂದು ಚಟ ಇದೆ. ಎಲ್ಲ ಪ್ಲಾಂಟ್‌ಗಳ ಒಇಇ (ಯಂತ್ರಗಳನ್ನು ಎಷ್ಟು ಚೆನ್ನಾಗಿ ಬಳಸಿದರು ಅನ್ನುವ ಅಳತೆ), ತಲಾ ಉತ್ಪಾದನೆ, ಪೀಸಿಗೆ ಬೀಳುವ ಖರ್ಚು ಎಲ್ಲವನ್ನೂ ಒಂದೇ ಎಕ್ಸೆಲ್ ಶೀಟಿಗೆ ಸುರಿದು ರ‍್ಯಾಂಕ್ ಕೊಡುವುದು. ಕೊನೆಗೆ ಬಂದವರಿಗೆ ಬೈಗುಳ. ಆಮೇಲೆ ನನ್ನಂಥವರಿಗೆ ಫೋನ್: "ಸಾರ್, ಅಲ್ಲಿನ ಜನ ಸೋಮಾರಿಗಳು, ಏನಾದ್ರೂ ಮಾಡಿ."

ಜನರ ಮಾತು ಆಮೇಲೆ. ಆ ಪ್ಲಾಂಟ್‌ಗೆ ನೀವು ಎಂಥ ಆರ್ಡರ್ ಕೊಡುತ್ತಿದ್ದೀರಿ?

ಒಂದು ಶಿಫ್ಟ್ 480 ನಿಮಿಷ, ಪ್ರೆಸ್‌ನಲ್ಲಿ ಡೈ (ಪಾರ್ಟ್‌ಗೆ ಆಕಾರ ಕೊಡುವ ಅಚ್ಚು) ಬದಲಿಸಲು 40 ನಿಮಿಷ ಅಂದುಕೊಳ್ಳಿ. ಒಂದು ಪ್ಲಾಂಟ್‌ಗೆ ದೊಡ್ಡ ಲಾಟ್, ಅಂದರೆ ಒಂದೇ ಪಾರ್ಟ್ ಒಟ್ಟಿಗೆ ರಾಶಿಗಟ್ಟಲೆ; ಶಿಫ್ಟಿಗೆ ಒಂದೇ ಸಲ ಬದಲಾವಣೆ, ಪ್ರೆಸ್ ಓಡುವುದು 440 ನಿಮಿಷ. ಇನ್ನೊಂದಕ್ಕೆ ಚಿಲ್ಲರೆ ಲಾಟ್‌ಗಳು. ಐದು ಸಲ ಬದಲಾವಣೆ, ಉಳಿಯುವುದು 280. ಅದೇ ಪ್ರೆಸ್, ಅಷ್ಟೇ ಜನ, ಅಷ್ಟೇ ಚುರುಕು. ಆದರೂ ಎರಡನೆಯದರ ಉತ್ಪಾದನೆ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಇಳಿಯುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಇನ್ನೂ ತಮಾಷೆ ಏನು ಗೊತ್ತಾ, ಆ ಚಿಲ್ಲರೆ ಲಾಟ್‌ಗಳು ಅಲ್ಲಿಗೇ ಹೋಗುವುದಕ್ಕೆ ಕಾರಣ ಎಷ್ಟೋ ಸಲ ಅವರ ಟೂಲ್ ರೂಮ್ (ಡೈ ತಯಾರಿ, ರಿಪೇರಿ ಮಾಡುವ ವಿಭಾಗ) ಗಟ್ಟಿ ಇರುವುದು, ಡ್ರಾಯಿಂಗ್ ಮಧ್ಯದಲ್ಲಿ ಬದಲಾದರೂ ಅವರು ನಿಭಾಯಿಸುವುದು. ಕೆಲಸ ಬಲ್ಲವರಿಗೇ ಕೆಲಸ ಜಾಸ್ತಿ, ಅಲ್ವಾ?

ಒಬ್ಬ ಪ್ಲಾಂಟ್ ಮ್ಯಾನೇಜರ್, ಪಾಪ, ಬೈಗುಳ ತಾಳಲಾರದೆ ಸಣ್ಣ ಆರ್ಡರ್‌ಗಳನ್ನು ಒಟ್ಟು ಹಾಕಿ ದೊಡ್ಡ ಲಾಟ್ ಮಾಡಿ ಓಡಿಸತೊಡಗಿದರು. ರ‍್ಯಾಂಕ್ ಸರ್ರನೆ ಏರಿತು. ಗೋಡೌನ್ ತುಂಬಿತು, ಆದರೆ ಬೇಕಾದ ದಿನ ಬೇಕಾದ ಪಾರ್ಟ್ ಇರುತ್ತಿರಲಿಲ್ಲ. ತಡವಾದ ಪಾರ್ಟ್‌ಗಳನ್ನು ವಿಮಾನದಲ್ಲಿ ಕಳಿಸಿದ ಖರ್ಚು ಲಾಜಿಸ್ಟಿಕ್ಸ್ ಖಾತೆಗೆ ಬಿದ್ದಿದ್ದರಿಂದ ಯಾರಿಗೂ ಕಾಣಲಿಲ್ಲ. ಹೆಡ್ ಆಫೀಸಿನವರು ಕೇಕ್ ಕಳಿಸಿದರು!

ಇನ್ನು ಜನರ ವಿಷಯ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ತನ್ನ ಪ್ಲಾಂಟನ್ನು 1982ರಲ್ಲಿ ಮುಚ್ಚಿತ್ತು. ಗೈರುಹಾಜರಿಗೆ, ಜಗಳಕ್ಕೆ ಕುಖ್ಯಾತವಾಗಿದ್ದ ಜಾಗ. 1984ರಲ್ಲಿ ಟೊಯೊಟಾ ಜೊತೆ ಸೇರಿ ಅದನ್ನೇ ನುಮ್ಮಿ ಹೆಸರಲ್ಲಿ ಶುರು ಮಾಡಿದರು. ಬಹುಪಾಲು ಹಳೇ ಕೆಲಸಗಾರರೇ, ಯೂನಿಯನ್ನೂ ಅದೇ. ಆದರೆ ತೊಂದರೆ ಕಂಡರೆ ಹಗ್ಗ ಎಳೆದು ಲೈನ್ ನಿಲ್ಲಿಸುವ ಅಧಿಕಾರ ಈಗ ಕೆಲಸಗಾರರ ಕೈಯಲ್ಲಿತ್ತು. ಕೆಲವೇ ವರ್ಷಗಳಲ್ಲಿ ಗುಣಮಟ್ಟ ಟೊಯೊಟಾದ ಜಪಾನ್ ಪ್ಲಾಂಟ್‌ನ ಹತ್ತಿರಕ್ಕೆ ಬಂತು.

ಹಾಗಂತ ಎಲ್ಲ ಪ್ಲಾಂಟ್‌ಗಳೂ ಸಾಚಾ ಅಂತ ಹೇಳುತ್ತಿಲ್ಲ. ಮೆಂಟೆನೆನ್ಸ್ ಮಾಡದೆ ಸುಮ್ನೆ ನೆಪ ಹೇಳುವವರೂ ಇದ್ದಾರೆ. ನನ್ನ ಲೆಕ್ಕ ಎಲ್ಲ ಕಡೆ ಹೊಂದುವುದೂ ಇಲ್ಲ, ಕೆಮಿಕಲ್ ಪ್ಲಾಂಟ್‌ಗಳ ಕಥೆ ಬೇರೆ. ಆದರೆ ಆ ಶೀಟಿಗೆ ಎರಡು ಕಾಲಂ ಸೇರಿಸಿ ನೋಡಿ: ತಿಂಗಳಿಗೆ ಎಷ್ಟು ಸಲ ಡೈ ಬದಲಾಯಿತು, ಎಷ್ಟು ಹೊಸ ಪಾರ್ಟ್ ಶುರುವಾಯಿತು. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಡ, ಸೂಪರ್‌ವೈಸರ್‌ನ ಲಾಗ್ ಬುಕ್ ಸಾಕು.