ಮನೆಯಲ್ಲೊಂದು, ಓಣಿಯಲ್ಲೊಂದು, ಶಾಲೆಯಲ್ಲೊಂದು: ಮಗುವಿಗೆ ಗೊಂದಲವಾಗುವುದಿಲ್ಲವೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಇಷ್ಟು ಭಾಷೆಗಳಿಂದ ಮಗುವಿನ ಬುದ್ಧಿ ಮಂದವಾದೀತೇ? ಒಂದನ್ನು ಬಿಡಿಸಬೇಕೇ?

ಬಿಡಿಸಬೇಡಿ. ಧಾರವಾಡದ ಮರಾಠಿ ಮನೆಗಳಿಂದ, ಹಳೇಹುಬ್ಬಳ್ಳಿಯ ಉರ್ದು ಮನೆಗಳಿಂದ, ಗದಗ-ಬೆಟಗೇರಿಯ ಸಾವಜಿ ಮನೆಗಳಿಂದ ಈ ಪ್ರಶ್ನೆ ಬರುತ್ತಲೇ ಇದೆ. ಕೇಳುವವರು ತಾವೇ ಮೂರು ಭಾಷೆಗಳ ನಡುವೆ ಬೆಳೆದು ಸಂಸಾರ, ವ್ಯಾಪಾರ ಎರಡನ್ನೂ ಚೆನ್ನಾಗಿಯೇ ನಡೆಸುತ್ತಿರುತ್ತಾರೆ.

ಈ ಭಯಕ್ಕೆ ನೂರು ವರ್ಷ ವಯಸ್ಸಾಗಿದೆ. 1923ರಲ್ಲಿ ಡಿ. ಜೆ. ಸೇರ್ ಎಂಬವರು ವೇಲ್ಸ್ ನಾಡಿನ ಮಕ್ಕಳ ಬುದ್ಧಿಮತ್ತೆಯನ್ನು ಅಳೆದು, ಹಳ್ಳಿಗಳಲ್ಲಿ ಎರಡು ಭಾಷೆಯಾಡುವ ಮಕ್ಕಳು ಹಿಂದುಳಿದಿದ್ದಾರೆಂದು ಬರೆದರು. ಪಟ್ಟಣದ ಮಕ್ಕಳಲ್ಲಿ ಆ ಅಂತರ ಕಾಣಲಿಲ್ಲವೆಂಬುದನ್ನು ಮಾತ್ರ ಜನ ಮರೆತರು. ದೋಷ ಭಾಷೆಯದಾಗಿದ್ದರೆ ಅದು ಪಟ್ಟಣದಲ್ಲೇಕೆ ಮಾಯವಾಗಬೇಕು? ಬಡತನ, ಶಾಲೆಯ ಗುಣಮಟ್ಟ, ಪರೀಕ್ಷೆಯ ಭಾಷೆ ಇವುಗಳನ್ನು ಸರಿದೂಗಿಸದೆ ಹೋಲಿಸಿದರೆ ಬರುವ ಫಲಿತಾಂಶ ಅಂಥದ್ದೇ. 1962ರಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೆಸ್ ಲ್ಯಾಂಬರ್ಟ್ ಮಾಂಟ್ರಿಯಲ್‌ನಲ್ಲಿ ಒಂದೇ ಆರ್ಥಿಕ ಮಟ್ಟದ, ಹತ್ತು ವರ್ಷದ ಮಕ್ಕಳನ್ನು ಹೋಲಿಸಿದಾಗ ದ್ವಿಭಾಷಿಕರೇ ಮುಂದಿದ್ದರು. ಆದರೂ ನಮ್ಮಲ್ಲಿ ಪಾಲಕರ ಸಭೆಗಳಲ್ಲಿ ಇಂದಿಗೂ ‘ಮನೆಯಲ್ಲಿ ಇಂಗ್ಲಿಷ್ ಅಷ್ಟೇ ಮಾತಾಡ್ರಿ’ ಎಂಬ ಉಪದೇಶ ಕೇಳಿಬರುತ್ತದೆ.

ಮಗು ಮರಾಠಿಯ ನಡುವೆ ಕನ್ನಡದ ‘ನೀರು’ ಸೇರಿಸಿ ‘ಆಯಿ, ಮಲಾ ನೀರು ಪಾಹಿಜೆ’ (ಅಮ್ಮಾ, ನನಗೆ ನೀರು ಬೇಕು) ಎಂದರೆ ಅದು ಗೊಂದಲವಲ್ಲ. ಸಿಕ್ಕ ಪದದಿಂದ ಕೆಲಸ ಸಾಧಿಸುವ ಜಾಣತನ. ಒಂದೊಂದೇ ಭಾಷೆಯಲ್ಲಿ ಮಗುವಿನ ಪದಗಳು ಕಡಿಮೆಯೆನಿಸಿದರೂ ಎಲ್ಲವನ್ನೂ ಕೂಡಿಸಿದರೆ ಸಾಮಾನ್ಯವಾಗಿ ಇತರ ಮಕ್ಕಳಷ್ಟೇ ಆಗುತ್ತವೆ. ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸದಿದ್ದರೆ ಭಾಷೆಯನ್ನು ದೂರದೆ ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸಿ.

ಹಾಗೆಂದು ಬಹುಭಾಷೆ ಬುದ್ಧಿಯ ಟಾನಿಕ್ಕೂ ಅಲ್ಲ. ಒಂದು ಭಾಷೆಯನ್ನಾಡುವಾಗ ಇನ್ನೊಂದು ಮನಸ್ಸಿನಲ್ಲಿ ಎಚ್ಚರವಾಗಿಯೇ ಇರುತ್ತದೆ, ಅದನ್ನು ತಡೆದಿಡುವ ಅಭ್ಯಾಸದಿಂದ ಏಕಾಗ್ರತೆ ಹೆಚ್ಚುತ್ತದೆ ಎಂಬ ವಾದವಿತ್ತು. ಆದರೆ ವಯಸ್ಕರ ಮೇಲಿನ 152 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಗೆ ಅಂಥ ಲಾಭದ ಗಟ್ಟಿ ಪುರಾವೆ ದೊರೆಯಲಿಲ್ಲ. ಮುಪ್ಪಿನ ವಿಷಯ ಬೇರೆ: ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮರೆವಿನ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದಂತೆ, ದ್ವಿಭಾಷಿಕರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅದೂ ಅನಕ್ಷರಸ್ಥರಲ್ಲಿಯೂ.

ನೀವು ಕೇಳದಿದ್ದರೂ ಒಂದು ಮಾತು: ಮಗ್ಗಿಯನ್ನು ಯಾವ ಭಾಷೆಯಲ್ಲಿ ಕಲಿತಿರುತ್ತೇವೆಯೋ ಲೆಕ್ಕ ಸಾಮಾನ್ಯವಾಗಿ ಆ ಭಾಷೆಯಲ್ಲೇ ಬೇಗ ಹೊಳೆಯುತ್ತದೆ. ಇಂಗ್ಲಿಷಿನಲ್ಲಿ ಗಿರಾಕಿಯೊಡನೆ ಮಾತನಾಡುವ ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಯವರು ಬಿಲ್ಲು ಕೂಡಿಸುವಾಗ ಕನ್ನಡಕ್ಕೋ ಗುಜರಾತಿಗೋ ಹೊರಳುವುದು ಇದರಿಂದಲೇ. ಆದ್ದರಿಂದ ಮಗು ಮಗ್ಗಿಯನ್ನು ಕನ್ನಡದಲ್ಲಿ ಗುನುಗಿಕೊಂಡು ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದರೆ ಗದರಬೇಡಿ.