ಟರ್ಬೊ ಎಂಜಿನ್‌ಗೆ ಮೇಲಿನ ಆರ್‌ಪಿಎಂನಲ್ಲಿ ಪೆಟ್ರೋಲ್ ಸಾಲುತ್ತಿಲ್ಲ: ತಪ್ಪು ಪಂಪಿನದೋ, ಇಂಜೆಕ್ಟರಿನದೋ?

ಪ್ರಶ್ನೆ: ನನ್ನ ಹಳೆಯ ಮಾರುತಿ ಎಸ್ಟೀಮ್‌ನ 1.3 ಲೀಟರ್ ಎಂಜಿನ್‌ಗೆ ಟರ್ಬೊ ಮತ್ತು ಬೇರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹಾಕಿಸಿ, ಟ್ರ್ಯಾಕ್‌ಗೆಂದು ಸಿದ್ಧಪಡಿಸುತ್ತಿದ್ದೇನೆ. ಬೂಸ್ಟ್ (ಟರ್ಬೊ ಒಳತಳ್ಳುವ ಗಾಳಿಯ ಹೆಚ್ಚುವರಿ ಒತ್ತಡ) 0.7 ಬಾರ್. 5,000 ಆರ್‌ಪಿಎಂವರೆಗೆ ಎಲ್ಲವೂ ಸರಿಯಾಗಿದ್ದು, ಆಮೇಲೆ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಂಕಿ; 1 ಎಂದರೆ ಸಮ, ಕಡಿಮೆಯಾದಷ್ಟೂ ಪೆಟ್ರೋಲ್ ಹೆಚ್ಚು) 0.80ರಿಂದ ಮೆಲ್ಲಗೆ 0.92ಕ್ಕೆ ಏರುತ್ತದೆ. 6,000 ಆರ್‌ಪಿಎಂನಲ್ಲಿ ಇಂಜೆಕ್ಟರ್ ತೆರೆದಿರುವ ಅವಧಿ 9 ಮಿಲಿಸೆಕೆಂಡ್ ಎಂದು ಲಾಗ್ ತೋರಿಸುತ್ತದೆ. ಒಬ್ಬರು ಪಂಪ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಇಂಜೆಕ್ಟರ್ ಎನ್ನುತ್ತಾರೆ. ಯಾವುದನ್ನು ಮೊದಲು ಕೊಳ್ಳಲಿ?

ಉತ್ತರ: ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ. ನೀವು ಬರೆದಿರುವುದರಲ್ಲಿ ಲ್ಯಾಂಬ್ಡಾ ಇದೆ, ಇಂಜೆಕ್ಟರ್ ಅವಧಿ ಇದೆ. ಆದರೆ ಅದೇ ಹೊತ್ತಿನಲ್ಲಿ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಫ್ಯೂಯಲ್ ರೈಲ್‌ನಲ್ಲಿ ಪೆಟ್ರೋಲಿನ ಒತ್ತಡ ಎಷ್ಟಿತ್ತು ಎಂಬುದು ಇಲ್ಲ. ಆ ಒಂದು ಅಂಕಿ ಇಲ್ಲದೆ ಪಂಪಿನ ಮೇಲಾಗಲಿ ಇಂಜೆಕ್ಟರಿನ ಮೇಲಾಗಲಿ ತಪ್ಪು ಹೊರಿಸುವುದು ಬರೀ ಊಹೆಯಾಗುತ್ತದೆ. ಅದು ಕೈಗೆ ಸಿಗುವವರೆಗೆ ಪೂರ್ಣ ಬೂಸ್ಟ್‌ನಲ್ಲಿ ಓಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಬೂಸ್ಟ್ ಇರುವಾಗ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 0.78ರಿಂದ 0.82ರ ಆಸುಪಾಸಿನ ಲ್ಯಾಂಬ್ಡಾದಲ್ಲಿ ಓಡಬೇಕು, ಏಕೆಂದರೆ ಉರಿಯಲು ಬೇಕಾದುದಕ್ಕಿಂತ ಹೆಚ್ಚಾಗಿ ಬಂದ ಪೆಟ್ರೋಲ್ ಆವಿಯಾಗುತ್ತಾ ದಹನಕೋಣೆಯ ಶಾಖವನ್ನು ತಗ್ಗಿಸುತ್ತದೆ. 0.92ಕ್ಕೆ ಏರಿದಾಗ ಆ ರಕ್ಷಣೆ ಬಹುಪಾಲು ತಪ್ಪುತ್ತದೆ. ನಾಕಿಂಗ್ (ಮಿಶ್ರಣ ತಾನಾಗಿಯೇ ಸ್ಫೋಟದಂತೆ ಉರಿಯುವುದು) ಶುರುವಾದರೆ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಒಡೆಯಲು ಕೆಲವೇ ಸೆಕೆಂಡುಗಳು ಸಾಕು.

ಮೊದಲು ಲ್ಯಾಂಬ್ಡಾ ಅಂಕಿಯನ್ನೇ ಒಮ್ಮೆ ಅನುಮಾನಿಸಿ. ವೈಡ್‌ಬ್ಯಾಂಡ್ ಸೆನ್ಸರ್ ಅಳೆಯುವುದು ಪೆಟ್ರೋಲನ್ನಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು. ಬೂಸ್ಟ್ ಒತ್ತಡದಲ್ಲಿ ಕಿಡಿ ಆರಿ ಒಂದು ಸಿಲಿಂಡರ್ ಮಿಸ್ ಹೊಡೆದರೆ, ಅಲ್ಲಿನ ಗಾಳಿ ಉರಿಯದೆ ಹಾಗೆಯೇ ಹೊರಬಂದು, ಪೆಟ್ರೋಲ್ ಸಾಕಷ್ಟಿದ್ದರೂ ಸೆನ್ಸರ್ ಕಡಿಮೆಯಿದೆ ಎಂದೇ ತೋರಿಸುತ್ತದೆ. ಆದರೆ ಮಿಸ್‌ಫೈರ್‌ನಲ್ಲಿ ಅಂಕಿ ಹಾರಿ ಹಾರಿ ಬೀಳುತ್ತದೆ, ಗಾಡಿಯೂ ಜರ್ಕ್ ಹೊಡೆಯುತ್ತದೆ. ನಿಮ್ಮದು ಮೆಲ್ಲಗೆ, ಆರ್‌ಪಿಎಂ ಜೊತೆಗೇ ಏರುತ್ತಿರುವುದರಿಂದ ಪೆಟ್ರೋಲ್ ನಿಜಕ್ಕೂ ಸಾಲುತ್ತಿಲ್ಲ ಎಂದೇ ನನಗೆ ಅನಿಸುತ್ತದೆ. ಆದರೂ ಪ್ಲಗ್ ಗ್ಯಾಪ್ 0.7 ಮಿಲಿಮೀಟರ್ ಆಸುಪಾಸಿನಲ್ಲಿದೆಯೇ, ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್‌ನಲ್ಲಿ ಸೋರಿಕೆ ಇದೆಯೇ ಎಂದು ನೋಡಿಬಿಡಿ.

ಈಗ ಒತ್ತಡಕ್ಕೆ ಬರೋಣ. ಇಂಜೆಕ್ಟರ್‌ನ ಒಂದು ತುದಿಯಲ್ಲಿ ರೈಲ್ ಒತ್ತಡ, ಇನ್ನೊಂದು ತುದಿಯಲ್ಲಿ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆ) ಒತ್ತಡ. ಪೆಟ್ರೋಲ್ ಹರಿಯುವುದು ಇವೆರಡರ ವ್ಯತ್ಯಾಸದ ಬಲದಿಂದ. ಆ ವ್ಯತ್ಯಾಸ ಬದಲಾಗದಿರಲೆಂದೇ, ರೈಲ್ ಒತ್ತಡವನ್ನು ಹಿಡಿದಿಡುವ ರೆಗ್ಯುಲೇಟರಿಗೆ ಮ್ಯಾನಿಫೋಲ್ಡ್‌ನಿಂದ ಒಂದು ಸಣ್ಣ ಕೊಳವೆ ಬಂದಿರುತ್ತದೆ. ಮೂಲ ಒತ್ತಡ 3 ಬಾರ್ ಇದ್ದರೆ, 0.7 ಬಾರ್ ಬೂಸ್ಟ್ ಬಂದಾಗ ರೈಲ್ 3.7 ಬಾರ್ ತೋರಿಸಬೇಕು. ಐಡಲ್‌ನಲ್ಲಿ ನಿರ್ವಾತ ಇರುವುದರಿಂದ ಅದು 2.4ರ ಸುತ್ತ ಇದ್ದು, ಕೊಳವೆಯನ್ನು ಕಿತ್ತ ಕೂಡಲೇ 3ಕ್ಕೆ ಏರಬೇಕು. ಏರದಿದ್ದರೆ ರೆಗ್ಯುಲೇಟರ್ ಅಥವಾ ಕೊಳವೆಯಲ್ಲೇ ದೋಷವಿದೆ. ರೈಲ್‌ಗೆ ವಿದ್ಯುತ್ ಸೆನ್ಸರ್ ಒಂದನ್ನು ಕೂರಿಸಿ ಅದರ ಸಂಕೇತವನ್ನು ಇಸಿಯು ಲಾಗ್‌ಗೇ ಸೇರಿಸುವುದು ಉತ್ತಮ. ಪೆಟ್ರೋಲ್ ತುಂಬಿದ ಮೀಟರ್ ಪೈಪನ್ನು ಮಾತ್ರ ಯಾವ ಕಾರಣಕ್ಕೂ ಗಾಡಿಯ ಒಳಗೆ ತರಬೇಡಿ.

ಆ ಲಾಗ್‌ನ ಗೆರೆ ಹೇಗೆ ಬಾಗುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಬೂಸ್ಟ್ ಏರಿದರೂ ರೈಲ್ ಒತ್ತಡ 3 ಬಾರ್‌ನಲ್ಲೇ ನಿಂತಿದ್ದರೆ ರೆಗ್ಯುಲೇಟರಿಗೆ ಬೂಸ್ಟ್ ತಲುಪುತ್ತಿಲ್ಲ. ಮೊದಲು ಸರಿಯಾಗಿ 3.7ಕ್ಕೆ ಏರಿ, ಬೂಸ್ಟ್ ಅಷ್ಟೇ ಇರುವಾಗ ಆರ್‌ಪಿಎಂ ಹೆಚ್ಚಿದಂತೆ 3.5, 3.2, 2.9 ಎಂದು ಇಳಿಯುತ್ತಾ ಹೋದರೆ ಎಂಜಿನ್ ಕುಡಿಯುವಷ್ಟು ಪೆಟ್ರೋಲ್ ಮುಂದಕ್ಕೆ ಬರುತ್ತಿಲ್ಲ: ಪಂಪ್, ಫಿಲ್ಟರ್, ಟ್ಯಾಂಕಿನೊಳಗಿನ ಜಾಲರಿ, ಮಡಚಿಕೊಂಡ ಪೈಪ್, ಇಲ್ಲವೇ ಪಂಪಿಗೆ ಬರುವ ಕರೆಂಟ್. ತಿರುವಿನಲ್ಲಿ ಮಾತ್ರ ಬಿದ್ದು ನೇರ ದಾರಿಯಲ್ಲಿ ಸರಿಹೋದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತಿದೆ. ಈ ಪರೀಕ್ಷೆಯನ್ನು ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ, ಕಡಿಮೆ ಬೂಸ್ಟ್‌ನಿಂದ ಆರಂಭಿಸಿ, ನಾಲ್ಕನೇ ಗೇರ್‌ನಲ್ಲಿ ಮಾಡಿಸಿ. ಎರಡನೇ ಗೇರ್‌ನ ಚಿಕ್ಕ ಎಳೆತ ಒತ್ತಡ ಕುಸಿಯುವುದರೊಳಗೇ ಮುಗಿದುಹೋಗಿ ಎಲ್ಲವೂ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಪಂಪಿನ ಕರೆಂಟ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಾನು ಸ್ವತಃ ಎಡವಿದ್ದು ಅಲ್ಲಿ. ಕೆಲವು ವರ್ಷಗಳ ಹಿಂದೆ ನನ್ನದೇ ಗಾಡಿಯಲ್ಲಿ ಒತ್ತಡ 5,200 ಆರ್‌ಪಿಎಂ ದಾಟಿದೊಡನೆ ಇಳಿಯುತ್ತಿತ್ತು. ಪಂಪನ್ನು ಎರಡು ಸಲ ಬದಲಿಸಿದೆ, ಎರಡನೆಯದು ಗಂಟೆಗೆ 255 ಲೀಟರ್ ಎಂದು ಬರೆದಿದ್ದ ದೊಡ್ಡ ಪಂಪ್. ಎರಡು ಸಲವೂ ಗೆರೆ ಅದೇ ಜಾಗದಲ್ಲಿ ಬಾಗಿತು. ಕೊನೆಗೆ ಹಿಂದಿನ ಸೀಟು ಎತ್ತಿ, ಪಂಪಿನ ಕನೆಕ್ಟರಿಗೇ ಮಲ್ಟಿಮೀಟರ್ ತಂತಿ ಕೊಟ್ಟು ನೋಡಿದಾಗ, ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೆ ಪಂಪಿಗೆ ಸಿಗುತ್ತಿದ್ದುದು 11.4. ಡಿಕ್ಕಿಯ ತಗಡಿಗೆ ಬೋಲ್ಟ್ ಹಾಕಿದ್ದ ಅರ್ತ್ ತಂತಿಯ ರಿಂಗ್ ಟರ್ಮಿನಲ್ ಕೆಳಗೆ ಬಣ್ಣದ ಪದರ, ಅದರಡಿ ಹಸಿರುಗಟ್ಟಿದ ತುಕ್ಕು. ಕಪ್ಪು ತಂತಿಯನ್ನು ಕೈಯಲ್ಲಿ ಹಿಡಿದಾಗ ಬಿಸಿ ತಾಗುತ್ತಿತ್ತು. ತಗಡನ್ನು ಉಜ್ಜಿ ಹೊಳಪು ಬರಿಸಿ, ದಪ್ಪ ತಂತಿ ಮತ್ತು ಬ್ಯಾಟರಿಯಿಂದ ನೇರ ರಿಲೇ ಹಾಕಿದ ಮೇಲೆ ಕುಸಿತ ಹೋಯಿತು. ಪಂಪಿನ ಡಬ್ಬಿಯ ಮೇಲಿನ ಅಂಕಿ ನಿರ್ದಿಷ್ಟ ಒತ್ತಡ ಮತ್ತು ವೋಲ್ಟೇಜ್‌ಗೆ ಮಾತ್ರ ನಿಜ. ವೋಲ್ಟೇಜ್ ಇಳಿದರೆ ಹರಿವು ಇಳಿಯುತ್ತದೆ, ಒತ್ತಡ ಏರಿದರೂ ಹರಿವು ಇಳಿಯುತ್ತದೆ.

ವೋಲ್ಟೇಜ್ ಸರಿಯಿದ್ದರೆ ಹರಿವನ್ನೇ ಅಳೆಯಬಹುದು. ಎಂಜಿನ್ ಆರಿಸಿ, ತಣ್ಣಗಾದ ಮೇಲೆ, ಬಯಲಿನಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ರಿಟರ್ನ್ ಪೈಪನ್ನು ಅಳತೆ ಗುರುತಿರುವ ಕ್ಯಾನಿಗೆ ಇಳಿಸಿ. ಬ್ಯಾಟರಿಗೆ ಚಾರ್ಜರ್ ಕೊಟ್ಟು ವೋಲ್ಟೇಜನ್ನು 13.5ರ ಸುತ್ತ ಇರಿಸಿ, ರೆಗ್ಯುಲೇಟರ್ ಕೊಳವೆಗೆ ಕೈಪಂಪಿನಿಂದ 0.7 ಬಾರ್ ಗಾಳಿ ಕೊಟ್ಟು, ಪಂಪನ್ನು 30 ಸೆಕೆಂಡು ಓಡಿಸಿ. ಎಷ್ಟು ಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ. ಟರ್ಬೊ ಪೆಟ್ರೋಲ್ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಇಂಧನ ಬಯಸುತ್ತದೆ. ನಿಮ್ಮ ಗುರಿ 150 ಅಶ್ವಶಕ್ತಿ ಎಂದುಕೊಂಡರೆ ಗಂಟೆಗೆ 40 ಕಿಲೋ, ಅಂದರೆ ಸುಮಾರು 55 ಲೀಟರ್. ಮೇಲೆ ಕಾಲುಭಾಗ ಅಂತರ ಬಿಟ್ಟರೆ 30 ಸೆಕೆಂಡಿನಲ್ಲಿ 580 ಮಿಲಿಲೀಟರ್ ಕ್ಯಾನಿಗೆ ಬೀಳಬೇಕು.

ಇನ್ನು ಇಂಜೆಕ್ಟರ್. ನಾಲ್ಕು ಹೊಡೆತದ ಒಂದು ಚಕ್ರಕ್ಕೆ ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕಾದ್ದರಿಂದ, 1,20,000ವನ್ನು ಆರ್‌ಪಿಎಂನಿಂದ ಭಾಗಿಸಿದರೆ ಆ ಚಕ್ರಕ್ಕೆ ಸಿಗುವ ಸಮಯ ಮಿಲಿಸೆಕೆಂಡಿನಲ್ಲಿ ಬರುತ್ತದೆ. 6,000ದಲ್ಲಿ ಅದು 20. ನಿಮ್ಮ 9 ಮಿಲಿಸೆಕೆಂಡನ್ನು ಇದಕ್ಕೆ ಹೋಲಿಸಿ, ಇಂಜೆಕ್ಟರ್ ಅರ್ಧಕ್ಕಿಂತ ಕಡಿಮೆ ದುಡಿಯುತ್ತಿದೆ ಎಂದು ಪಂಪಿನವರು ವಾದಿಸಿರಬಹುದು. ಆದರೆ ಕ್ಯಾಮ್ ಸೆನ್ಸರ್ ಬಳಸದೆ ಕೂರಿಸಿದ ಇಸಿಯು ಬಹಳಷ್ಟು ಬಾರಿ ಬ್ಯಾಚ್ ಕ್ರಮದಲ್ಲಿ, ಪ್ರತಿ ಸುತ್ತಿಗೆ ಒಮ್ಮೆಯಂತೆ ಚಕ್ರಕ್ಕೆ ಎರಡು ಸಲ ಚಿಮ್ಮಿಸುತ್ತದೆ. ಹಾಗಿದ್ದಲ್ಲಿ ಸಿಗುವ ಸಮಯ 10 ಮಿಲಿಸೆಕೆಂಡ್ ಮಾತ್ರ. 9 ಎಂದರೆ ಶೇಕಡ 90; ಇದನ್ನೇ ಡ್ಯೂಟಿ ಎನ್ನುವುದು. ಜೊತೆಗೆ ಕರೆಂಟ್ ಬಂದ ಮೇಲೆ ಇಂಜೆಕ್ಟರ್ ನಿಜವಾಗಿ ತೆರೆದುಕೊಳ್ಳಲು ಸುಮಾರು 1 ಮಿಲಿಸೆಕೆಂಡ್ ಹಿಡಿಯುತ್ತದೆ, ಬ್ಯಾಚ್‌ನಲ್ಲಿ ಈ ನಷ್ಟ ಚಕ್ರಕ್ಕೆ ಎರಡು ಸಲ ಆಗುತ್ತದೆ. ಶೇಕಡ 85 ದಾಟಿದ ಮೇಲೆ ಇಂಜೆಕ್ಟರಿಗೆ ಪೂರ್ತಿ ಮುಚ್ಚಿಕೊಳ್ಳಲು ಪುರುಸೊತ್ತು ಸಿಗದೆ ಅಳತೆ ಕೈಕೊಡತೊಡಗುತ್ತದೆ. ಹಾಗಾಗಿ ಇಸಿಯು ಸೆಟ್ಟಿಂಗ್‌ನಲ್ಲಿ ಬ್ಯಾಚ್ ಇದೆಯೋ ಸೀಕ್ವೆನ್ಷಿಯಲ್ (ಚಕ್ರಕ್ಕೆ ಒಮ್ಮೆ ಚಿಮ್ಮಿಸುವುದು) ಇದೆಯೋ ಎಂದು ಈವತ್ತೇ ನೋಡಿ.

ಒತ್ತಡ 3.7ರಲ್ಲಿ ಗಟ್ಟಿಯಾಗಿ ನಿಂತು, ಡ್ಯೂಟಿ ಶೇಕಡ 90 ಆಗಿದ್ದರೆ ಇಂಜೆಕ್ಟರ್ ಚಿಕ್ಕದಾಯಿತು ಎಂದರ್ಥ. 150 ಅಶ್ವಶಕ್ತಿಗೆ, ಶೇಕಡ 85ರ ಮಿತಿಯಲ್ಲಿ, ಒಂದೊಂದೂ ನಿಮಿಷಕ್ಕೆ ಸುಮಾರು 270 ಸಿಸಿ ಕೊಡುವಂಥದ್ದು ಬೇಕು. ರೆಗ್ಯುಲೇಟರ್ ಬಿಗಿ ಮಾಡಿ ಒತ್ತಡ ಏರಿಸಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಹರಿವು ಒತ್ತಡದ ವರ್ಗಮೂಲದಂತೆ ಮಾತ್ರ ಏರುವುದರಿಂದ, 3 ಬಾರ್ ಅನ್ನು 4 ಮಾಡಿದರೆ ಸಿಗುವುದು ಶೇಕಡ 15, ಅದೇ ಹೊತ್ತಿಗೆ ಪಂಪಿನ ಶಕ್ತಿ ಕುಗ್ಗುತ್ತದೆ. ಒತ್ತಡವೂ ಸರಿ, ಡ್ಯೂಟಿಯೂ ಶೇಕಡ 60 ಆಗಿದ್ದರೆ, ಕೊರತೆ ಇರುವುದು ಪೂರೈಕೆಯಲ್ಲಲ್ಲ, ಬೇಡಿಕೆಯಲ್ಲಿ: ಇಸಿಯು ಅಷ್ಟು ಪೆಟ್ರೋಲ್ ಕೇಳುತ್ತಲೇ ಇಲ್ಲ. ಮ್ಯಾನಿಫೋಲ್ಡ್ ಒತ್ತಡ ಅಳೆಯುವ, ಗಾಡಿಯ ಹಳೆಯ ಮ್ಯಾಪ್ ಸೆನ್ಸರನ್ನೇ ಉಳಿಸಿಕೊಂಡಿದ್ದರೆ ಅದು 105 ಕಿಲೋಪ್ಯಾಸ್ಕಲ್ ಸುಮಾರಿಗೆ ನಿಂತುಬಿಟ್ಟು ಬೂಸ್ಟನ್ನು ಕಾಣುವುದೇ ಇಲ್ಲ.

ಅಂತರ ಯಾಕೆ ಬಿಡಬೇಕು ಎಂಬುದಕ್ಕೆ ನಮ್ಮ ಕಡೆಯ ಎರಡು ಕಾರಣಗಳಿವೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 (ಶೇಕಡ 20 ಎಥನಾಲ್ ಬೆರೆತ) ಪೆಟ್ರೋಲ್ ಈಗ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಎಥನಾಲ್‌ಗೆ ಅದೇ ಗಾಳಿಗೆ ಹೆಚ್ಚು ದ್ರವ ಬೇಕಾದ್ದರಿಂದ, ಶುದ್ಧ ಪೆಟ್ರೋಲ್ ಇಟ್ಟು ಮಾಡಿದ ಲೆಕ್ಕಕ್ಕಿಂತ ಶೇಕಡ 8ರಷ್ಟು ಜಾಸ್ತಿ ಚಿಮ್ಮಿಸಬೇಕು. 270 ಸಿಸಿ ಆಗ 290 ಆಗುತ್ತದೆ. ಹಳೆಯ ಟ್ಯಾಂಕಿನ ಕೆಸರನ್ನು ಎಥನಾಲ್ ಸಡಿಲಗೊಳಿಸಿ ಫಿಲ್ಟರಿಗೆ ತಂದು ಕೂರಿಸುವುದೂ ಉಂಟು. ಎರಡನೆಯದು ಎತ್ತರ. ಬೆಂಗಳೂರಿನ ವಾತಾವರಣದ ಒತ್ತಡ ಸುಮಾರು 0.91 ಬಾರ್, ಚೆನ್ನೈಯದು 1.01. ಬೂಸ್ಟ್‌ಗೆ ಮಿತಿ ಹಾಕುವ ವೇಸ್ಟ್‌ಗೇಟ್ ಸ್ಪ್ರಿಂಗ್ ಎರಡೂ ಕಡೆ ಅದೇ 0.7 ಬಾರ್ ಬೂಸ್ಟ್ ಕೊಟ್ಟರೂ ಒಟ್ಟು ಒತ್ತಡ 1.61ರಿಂದ 1.71ಕ್ಕೆ ಏರುತ್ತದೆ, ತಾಪದ ವ್ಯತ್ಯಾಸ ಬದಿಗಿಟ್ಟರೆ ಶೇಕಡ 6ರಷ್ಟು ಹೆಚ್ಚು ಗಾಳಿ. ಬೆಂಗಳೂರಿನಲ್ಲಿ ಟ್ಯೂನ್ ಮಾಡಿಸಿದಾಗಲೇ ಶೇಕಡ 90ರಲ್ಲಿದ್ದ ಇಂಜೆಕ್ಟರ್ ಚೆನ್ನೈ ಬಳಿಯ ಟ್ರ್ಯಾಕ್‌ನ ಉದ್ದ ನೇರದಲ್ಲಿ ಖಂಡಿತ ಸಾಲುವುದಿಲ್ಲ.

ನಿಮ್ಮ ಲಾಗ್ ನೋಡಿದರೆ, ಇಸಿಯು ಬ್ಯಾಚ್‌ನಲ್ಲಿರುವುದು ಖಚಿತವಾದ ಪಕ್ಷದಲ್ಲಿ, ಇಂಜೆಕ್ಟರ್ ಹೇಗೂ ಬದಲಾಗಬೇಕಾಗುತ್ತದೆ. ಆದರೆ ಒತ್ತಡವೂ ಕುಸಿಯುತ್ತಿದ್ದರೆ ಆ ಕುಸಿತವನ್ನು ಸರಿದೂಗಿಸಲೆಂದೇ ಟ್ಯೂನ್ ಮಾಡಿದವರು ಅವಧಿಯನ್ನು ಎಳೆದಿರುವ ಸಾಧ್ಯತೆಯೂ ಇದೆ. ಆಗ ಒತ್ತಡ ಸರಿಪಡಿಸಿದ ಮೇಲೆ ಅದೇ ಇಂಜೆಕ್ಟರ್ ಸಾಕಾಗಬಹುದು. ಆದ್ದರಿಂದ ಮೊದಲು ಒತ್ತಡದ ಸೆನ್ಸರ್ ಹಾಕಿಸಿ, ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆಯಿರಿ, ಬೂಸ್ಟನ್ನು 0.4 ಬಾರ್‌ಗೆ ಇಳಿಸಿ ಒಂದು ಲಾಗ್ ತೆಗೆಯಿರಿ. ಆ ಲಾಗ್‌ನಲ್ಲಿ ರೈಲ್ ಒತ್ತಡ 6,000 ಆರ್‌ಪಿಎಂವರೆಗೂ 3.4 ಬಾರ್‌ನಲ್ಲಿ ನಿಂತರೆ ಮಾತ್ರ ಬೂಸ್ಟನ್ನು 0.1 ಬಾರ್‌ನಂತೆ ಏರಿಸುತ್ತಾ ಹೋಗಿ, ಲ್ಯಾಂಬ್ಡಾ 0.85 ದಾಟಿದ ಕ್ಷಣವೇ ಕಾಲು ತೆಗೆಯಿರಿ.