ನಿಂಬೆಹಣ್ಣು ಮಲಗುವ ಊರು

ಟರ್ಕಿಯ ಒರ್ತಹಿಸಾರ್ ಎಂಬ ಪುಟ್ಟ ಊರಿನಲ್ಲಿ ನಿಂಬೆ ಬೆಳೆಯುವುದಿಲ್ಲ. ಬೆಳೆಯುವ ಹವೆಯೂ ಅಲ್ಲಿಲ್ಲ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಒಣ ಬಯಲು, ಚಳಿಗಾಲದಲ್ಲಿ ಹಿಮ. ಆದರೂ ಚಳಿ ಶುರುವಾದ ಮೇಲೆ ದಕ್ಷಿಣದ ಮೆಡಿಟರೇನಿಯನ್ ಕರಾವಳಿಯಿಂದ ನಿಂಬೆ ತುಂಬಿದ ಲಾರಿಗಳು ಇಲ್ಲಿಗೆ ಬರುತ್ತವೆ. ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ ಪೆಟ್ಟಿಗೆಗಳನ್ನು ಪೇರಿಸಿಟ್ಟು ಬಾಗಿಲು ಹಾಕಿದರೆ ಹಣ್ಣು ಬೇಸಿಗೆಯವರೆಗೂ ಕೆಡದೆ ಉಳಿಯುತ್ತದೆ. ಇದಕ್ಕೆ ತುರ್ಕಿ ಭಾಷೆಯಲ್ಲಿ 'ಯತಕ್ ಲಿಮೋನು' ಎನ್ನುತ್ತಾರೆ. ಯತಕ್ ಎಂದರೆ ಹಾಸಿಗೆ. 'ಹಾಸಿಗೆ ಹಿಡಿದ ನಿಂಬೆ' ಎಂದರೆ ನಮ್ಮಲ್ಲಿ ಯಾರೂ ಕೊಳ್ಳಲಿಕ್ಕಿಲ್ಲ. ಅಲ್ಲಿ ಮಾತ್ರ ಮಲಗಿ ಎದ್ದ ಹಣ್ಣಿನ ಸಿಪ್ಪೆ ತೆಳ್ಳಗಾಗಿ ರಸ ಹೆಚ್ಚುತ್ತದೆ ಎಂದು ಒಳ್ಳೆಯ ಬೇಡಿಕೆ.

ಈ ಊರಿರುವ ಕಪಡೋಕಿಯ ಸೀಮೆಗೆ ರಜೆಗೆ ಹೋಗುವವರು ನಿಂಬೆ ನೋಡಲು ಹೋಗುವುದಿಲ್ಲ. ನೆಲದಡಿಯ ನಗರಕ್ಕೆ ಇಳಿಯಬೇಕು, ಕಣಿವೆಗಳಲ್ಲಿ ನಡೆಯಬೇಕು, ರಾತ್ರಿ ಗುಹೆಯಲ್ಲಿ ಮಲಗಬೇಕು. ನಾನು ಹೋದದ್ದೂ ಇದೇ ಆಸೆಗೆ. ಆದರೆ ಈ ಮೂರೂ ಯಾಕೆ ಒಂದೇ ಕಡೆ ಕೂಡಿಬಂದಿವೆ ಎನ್ನುವುದು ನನಗೆ ಹೊಳೆದದ್ದು ಆ ನಿಂಬೆ ಗೋದಾಮಿನ ಬಾಗಿಲಲ್ಲಿ ನಿಂತಾಗ. ಜುಲೈ ತಿಂಗಳ ಬಿಸಿಲು ಬೆನ್ನು ಸುಡುತ್ತಿತ್ತು, ಒಳಗಿನಿಂದ ಬಂದ ಗಾಳಿ ಮುಖಕ್ಕೆ ತಣ್ಣಗೆ ತಾಗುತ್ತಿತ್ತು. ಅಲ್ಲಿನ ಎಲ್ಲ ಸೋಜಿಗಕ್ಕೂ ಮೂಲ ಒಂದೇ ಕಲ್ಲು. ಅದು ಉಳಿಗೆ ಬೇಗ ಸೋಲುತ್ತದೆ, ಬಿಸಿಲಿಗೆ ಮಾತ್ರ ಸುಲಭಕ್ಕೆ ಸೋಲುವುದಿಲ್ಲ.

ಈ ಕಲ್ಲು ಒಂದು ಕಾಲದಲ್ಲಿ ಬೂದಿ. ಸುಮಾರು ಒಂದು ಕೋಟಿ ವರ್ಷಗಳ ಹಿಂದಿನಿಂದ ಹಿಡಿದು ಕೆಲವು ದಶಲಕ್ಷ ವರ್ಷಗಳ ಹಿಂದಿನವರೆಗೆ ಇಲ್ಲಿ ಜ್ವಾಲಾಮುಖಿಗಳು ಮತ್ತೆ ಮತ್ತೆ ಸಿಡಿದವು. ಲಾವಾ ಹರಿದದ್ದಕ್ಕಿಂತ ಬೂದಿ, ನೊರೆಗಲ್ಲಿನ ಚೂರು, ಕುದಿಯುವ ಅನಿಲ ಎಲ್ಲ ಕಲೆತ ಮೋಡ ನೆಲಕ್ಕೆ ಒತ್ತಿಕೊಂಡು ನುಗ್ಗಿದ್ದೇ ಹೆಚ್ಚು. ಅದು ತಗ್ಗುಗಳನ್ನೆಲ್ಲ ತುಂಬಿ, ತಣಿದು, ತನ್ನದೇ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಯಿತು. ಭೂವಿಜ್ಞಾನಿಗಳು ಇದನ್ನು ಇಗ್ನಿಂಬ್ರೈಟ್ ಎನ್ನುತ್ತಾರೆ, ಉಳಿದವರು ಟಫ್ ಎನ್ನುತ್ತಾರೆ. ಬೂದಿಗಲ್ಲು ಎಂದರೆ ನಮಗೆ ಸಾಕು. ಪ್ರವಾಸಿ ಕೈಪಿಡಿಗಳು ಇದರ ಕೀರ್ತಿಯನ್ನೆಲ್ಲ 3,917 ಮೀಟರ್ ಎತ್ತರದ ಎರ್ಜಿಯೆಸ್ ಪರ್ವತಕ್ಕೆ ಕೊಡುತ್ತವೆ. ಹಿಮದ ಟೋಪಿ ತೊಟ್ಟು ದೂರಕ್ಕೆ ಕಾಣುವ ಬೆಟ್ಟ, ಅದಕ್ಕೇ ಇರಬೇಕು. ಆದರೆ ಹಳೆಯ ದೊಡ್ಡ ಪದರಗಳ ಜಾಡು ಹಿಡಿದು ಹೋದ ಭೂವಿಜ್ಞಾನಿಗಳು ತಲುಪಿದ್ದು ನೆವ್‌ಶೆಹಿರ್ ಮತ್ತು ದೆರಿನ್‌ಕುಯು ಊರುಗಳ ನಡುವಿನ ಸಾಧಾರಣ ನೆಲವನ್ನು. ಉಗುಳಿದ ಬಾಯಿಗಳು ಅಲ್ಲಿದ್ದವು, ಈಗ ಮುಚ್ಚಿಹೋಗಿವೆ. ಅತ್ಯಂತ ಆಳದ ನೆಲದಡಿ ನಗರ ಇರುವುದೂ ಆ ದೆರಿನ್‌ಕುಯುವಿನಲ್ಲೇ.

ಬೂದಿಗಲ್ಲನ್ನು ಮೊದಲು ಕೊರೆದದ್ದು ಮನುಷ್ಯನಲ್ಲ, ನೀರು. ಮೆತ್ತನೆ ಪದರದ ಮೇಲೆ ಗಟ್ಟಿ ಕಲ್ಲಿನ ಹೊದಿಕೆ ಇದ್ದಲ್ಲಿ ಮಳೆ ಬಿರುಕು ಹುಡುಕುತ್ತದೆ, ಹಿಮ ಬಿರುಕನ್ನು ಅಗಲಿಸುತ್ತದೆ. ಹೊದಿಕೆ ತುಂಡುತುಂಡಾಗಿ, ಒಂದೊಂದು ತುಂಡೂ ತನ್ನ ಕೆಳಗಿನ ಮೆತ್ತನೆ ಕಲ್ಲಿಗೆ ಕೊಡೆಯಾಗುತ್ತದೆ. ಸುತ್ತಲಿನದು ಕೊಚ್ಚಿಹೋಗಿ ಕೊಡೆಯ ಕೆಳಗಿನದು ಕಂಬವಾಗಿ ನಿಲ್ಲುತ್ತದೆ. ಇವೇ ಪೋಸ್ಟರುಗಳಲ್ಲಿ ಕಾಣುವ 'ಪೆರಿ ಬಜಾಸಿ', ಅಂದರೆ ಯಕ್ಷಿಣಿಯರ ಹೊಗೆಗೂಡು. ಕೊಡೆ ಒಂದು ದಿನ ಜಾರಿ ಬಿದ್ದರೆ ಕಂಬದ ತುದಿ ಚೂಪಾಗುತ್ತದೆ, ಆಮೇಲೆ ಕಂಬವೂ ಸವೆಯುತ್ತದೆ. ಕಣಿವೆಯಲ್ಲಿ ನಡೆಯುತ್ತಾ ಹೋದರೆ ಕೊಡೆ ಹಿಡಿದವು, ಕೊಡೆ ಜಾರುತ್ತಿರುವವು, ಬರಿತಲೆಯವು ಎಲ್ಲ ಒಟ್ಟಿಗೆ ಸಿಗುತ್ತವೆ. ಒಂದೇ ಮನೆಯ ಮೂರು ತಲೆಮಾರು ಅಂಗಳದಲ್ಲಿ ನಿಂತಂತೆ.

ನಡೆಯಲು ಕಣಿವೆಗಳಿಗೆ ಬರವಿಲ್ಲ. ಗೊರೆಮೆಯ ಹತ್ತಿರದ ಗುಲಾಬಿ ಕಣಿವೆ ಸಂಜೆ ಹೊತ್ತಿಗೆ ಕೆಂಪಾಗುವುದಕ್ಕೆ ಕಾರಣ ಕಲ್ಲಿನಲ್ಲಿರುವ ಕಬ್ಬಿಣದ ಆಕ್ಸೈಡು. ಇಹ್ಲಾರ ಕಣಿವೆ ಬೇರೆ ಜಾತಿಯದು. ಮೆಲೆಂದಿಜ್ ನದಿ ಬಂಡೆಯನ್ನು ನೂರು ಮೀಟರಿಗೂ ಆಳಕ್ಕೆ ಸೀಳಿದೆ. ಸೆಲಿಮೆಯವರೆಗೆ ಸುಮಾರು 14 ಕಿಲೋಮೀಟರ್ ದಾರಿ, ಉದ್ದಕ್ಕೂ ಮರದ ನೆರಳು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಉಚ್‌ಹಿಸಾರಿನ ಪಾರಿವಾಳ ಕಣಿವೆ. ಅಲ್ಲಿನ ರೈತರು ಬಂಡೆಯ ಎತ್ತರದಲ್ಲಿ ಗೂಡು ಕೊರೆದು, ಬಾಯಿಯ ಸುತ್ತ ಬಿಳಿ ಬಳಿದು ಪಾರಿವಾಳಗಳನ್ನು ಕರೆದರು. ತಿನ್ನಲಿಕ್ಕಿಂತ ಹೆಚ್ಚಾಗಿ ಹಿಕ್ಕೆಗಾಗಿ. ಬೂದಿನೆಲದ ದ್ರಾಕ್ಷಿ ತೋಟಕ್ಕೆ ಅದೇ ಗೊಬ್ಬರ.

ಇನ್ನು ತಂಪಿನ ವಿಷಯ. ದೆರಿನ್‌ಕುಯು ನಗರದ ಒಳಗೆ ವರ್ಷವಿಡೀ ಸುಮಾರು 13 ಡಿಗ್ರಿ. ಮೇಲೆ ಬೇಸಿಗೆಯ ಮಧ್ಯಾಹ್ನ 30 ದಾಟುತ್ತದೆ, ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಗುಹೆಯ ತಂಪನ್ನು ಕಲ್ಲಿನ ಗುಣ ಎಂದು ಹೇಳಿ ಮುಗಿಸಬಹುದು. ಆದರೆ ಒಳಗೆ ಒಂದು ಸೊಗಸಾದ ಲೆಕ್ಕವಿದೆ.

ಬಿಸಿಲು ಬಂಡೆಯ ಮೈಯನ್ನು ಹಗಲು ಕಾಯಿಸುತ್ತದೆ, ರಾತ್ರಿ ಅದು ಆರುತ್ತದೆ. ಈ ಏರಿಳಿತ ಒಂದು ಅಲೆಯಂತೆ ಕಲ್ಲಿನೊಳಗೆ ಇಳಿಯುತ್ತದೆ, ಇಳಿಯುತ್ತ ಕ್ಷೀಣಿಸುತ್ತದೆ. ರಂಧ್ರಗಳೇ ತುಂಬಿರುವ ಬೂದಿಗಲ್ಲಿನಲ್ಲಿ ಶಾಖದ ನಡಿಗೆ ಬಹಳ ಮಂದ. ದಿನದ ಅಲೆ ಒಂದು ಗೇಣು ಇಳಿಯುವಷ್ಟರಲ್ಲಿ ಬಲವನ್ನೆಲ್ಲ ಕಳೆದುಕೊಂಡಿರುತ್ತದೆ, ಅರ್ಧ ಮೀಟರಿನ ಆಳದಲ್ಲಿ ಹಗಲು ಯಾವುದು ಇರುಳು ಯಾವುದು ಎಂದು ಕಲ್ಲಿಗೆ ಗೊತ್ತೇ ಆಗುವುದಿಲ್ಲ. ಬೇಸಿಗೆ-ಚಳಿಗಾಲದ ಅಲೆ ಇದಕ್ಕಿಂತ 365 ಪಟ್ಟು ನಿಧಾನ. ನಿಧಾನದ ಅಲೆ ಹೆಚ್ಚು ಆಳಕ್ಕೆ ಹೋಗುತ್ತದೆ, ಆದರೆ 365 ಪಟ್ಟು ಅಲ್ಲ, ಅದರ ವರ್ಗಮೂಲದಷ್ಟು, ಅಂದರೆ 19 ಪಟ್ಟು. ಹೀಗಾಗಿ ಏಳೆಂಟು ಮೀಟರಿನ ಹೊತ್ತಿಗೆ ಋತುಗಳ ಆಟವೂ ಬಹುಪಾಲು ಮುಗಿಯುತ್ತದೆ. ತಮಾಷೆಯೆಂದರೆ, ಅಲ್ಲಿಗೆ ತಲುಪುವ ಚೂರುಪಾರು ಶಾಖವೂ ಸುಮಾರು ಆರು ತಿಂಗಳು ತಡವಾಗಿ ಬಂದಿರುತ್ತದೆ. ಮೇಲೆ ಬೇಸಿಗೆ ಉರಿಯುವಾಗ ಕೆಳಗೆ ಹೋದ ಚಳಿಗಾಲದ ಕೊನೆಯ ನೆನಪು ಇಳಿಯುತ್ತಿರುತ್ತದೆ. ನಿಂಬೆಹಣ್ಣು ಮಲಗುವುದು ಇಂಥ ಕಾಲವಿಲ್ಲದ ಕೋಣೆಯಲ್ಲಿ.

ದೆರಿನ್‌ಕುಯು ಎಂದರೆ ಆಳದ ಬಾವಿ. 1963ರಲ್ಲಿ ಯಾರೋ ಮನೆ ರಿಪೇರಿಗೆಂದು ಗೋಡೆ ಒಡೆದಾಗ ಹಿಂದೊಂದು ಕೋಣೆ, ಅದರ ಹಿಂದೆ ಸುರಂಗ ಕಂಡಿತು ಎಂದು ಅಲ್ಲಿ ಎಲ್ಲರೂ ಹೇಳುತ್ತಾರೆ. ಕೆಲವೇ ವರ್ಷಗಳಲ್ಲಿ, 1969ರಲ್ಲಿ, ಅದು ಪ್ರವಾಸಿಗರಿಗೆ ತೆರೆಯಿತು. ಒಟ್ಟು ಆಳ ಸುಮಾರು 85 ಮೀಟರ್. ಎಲ್ಲ ಅಂತಸ್ತುಗಳಿಗೂ ಪ್ರವೇಶವಿಲ್ಲ. ಕೊಟ್ಟಿಗೆ, ದ್ರಾಕ್ಷಿ ತುಳಿಯುವ ತೊಟ್ಟಿ, ಅಡುಗೆಮನೆ, ಚರ್ಚು, ಎಲ್ಲ ಒಂದೇ ಬಂಡೆಯೊಳಗೆ. ನಡುನಡುವೆ ಓಣಿ ಎಷ್ಟು ಇಕ್ಕಟ್ಟೆಂದರೆ ಸೊಂಟ ಬಗ್ಗಿಸಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಎದುರಿನಿಂದ ಇನ್ನೊಂದು ಗುಂಪು ಬಂದರೆ ಯಾರಾದರೂ ಹಿಂದೆ ಸರಿಯಲೇಬೇಕು. ನುಗ್ಗುವ ಸೈನಿಕನಿಗೂ ಇದೇ ಗತಿ. ಓಣಿಯ ಪಕ್ಕದ ಗೂಡಿನಲ್ಲಿ ದೊಡ್ಡ ಬೀಸುವ ಕಲ್ಲಿನಂಥ ದುಂಡು ಬಾಗಿಲು ನಿಂತಿರುತ್ತದೆ. ಅದನ್ನು ಒಳಗಿನವರು ಮಾತ್ರ ಉರುಳಿಸಿ ಮುಚ್ಚಬಹುದು.

ಯಾರು ಕೊರೆದರು, ಯಾವಾಗ? ಇಲ್ಲಿ ಪುರಾತತ್ವಕ್ಕೆ ಒಂದು ಪೇಚು ಇದೆ. ಕಟ್ಟಡವಾದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ, ಪದರ ನೋಡಿ ಕಾಲ ಹೇಳಬಹುದು. ಕೊರೆತದಲ್ಲಿ ಹೊಸಬ ಹಳಬನ ಗುರುತನ್ನೇ ಕೆತ್ತಿ ಎಸೆಯುತ್ತಾನೆ. ಕ್ರಿಸ್ತಪೂರ್ವದ ಫ್ರಿಜಿಯನ್ನರು ಶುರುಮಾಡಿದರು ಎಂಬ ಮಾತಿದೆ. ಗ್ರೀಕ್ ಸೈನಿಕ ಕ್ಸೆನೊಫನ್ ನೆಲದಡಿಯ ಮನೆಗಳನ್ನು ವರ್ಣಿಸಿದ್ದನ್ನು ಗೈಡುಗಳು ಉತ್ಸಾಹದಿಂದ ಉದಾಹರಿಸುತ್ತಾರೆ, ಆದರೆ ಅವನು ನೋಡಿದ್ದು ಇಲ್ಲಿಂದ ದೂರದ ಅರ್ಮೇನಿಯದ ಮನೆಗಳನ್ನು. ಬೈಜಾಂಟಿಯನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಕಾಲದಲ್ಲಿ ಅರಬ್ ದಾಳಿಗಳಿಗೆ ಹೆದರಿ ಜನ ಇವನ್ನು ವಿಸ್ತರಿಸಿ ಬಳಸಿದರು ಎನ್ನುವುದಕ್ಕೆ ಹೆಚ್ಚು ಆಧಾರವಿದೆ.

ಕೆಳಗೆ ಇಳಿದಾಗ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಇತಿಹಾಸಕ್ಕಿಂತ ಉಸಿರಿನ ಪ್ರಶ್ನೆ. ಉತ್ತರ ಕರ್ನಾಟಕದ ಕಡೆ ಜೋಳ ತುಂಬಿಡುವ ಹಗೇವು ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಮುಚ್ಚಿದ್ದ ಹಗೇವಿಗೆ ತೆರೆದ ತಕ್ಷಣ ಯಾರೂ ಇಳಿಯುವುದಿಲ್ಲ, ಮೊದಲು ದೀಪ ಇಳಿಬಿಟ್ಟು ಆರುತ್ತದೋ ಉರಿಯುತ್ತದೋ ನೋಡುತ್ತಾರೆ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡು ತಳದಲ್ಲಿ ಕೂತಿರುತ್ತದೆ. ಹಾಗಿರುವಾಗ ಸಾವಿರಾರು ಜನ, ಜೊತೆಗೆ ದನಕುರಿ?

ದೆರಿನ್‌ಕುಯುವಿನ ಉತ್ತರ ಸುಮಾರು 55 ಮೀಟರ್ ಆಳದ ಗಾಳಿಗೊಳವೆಗಳು. ಚಳಿಗಾಲದಲ್ಲಿ ಇವು ಮನೆಯ ಹೊಗೆಗೂಡಿನಂತೆ ಕೆಲಸ ಮಾಡುತ್ತವೆ. ಒಳಗಿನ 13 ಡಿಗ್ರಿ ಗಾಳಿ ಹೊರಗಿನದಕ್ಕಿಂತ ಬೆಚ್ಚಗೆ, ಹಗುರ. ಅದು ಮೇಲೇರುತ್ತದೆ, ಬೇರೆ ಕಂಡಿಗಳಿಂದ ಹೊಸ ಗಾಳಿ ಇಳಿಯುತ್ತದೆ. ಬೇಸಿಗೆಯ ಹಗಲಿನಲ್ಲಿ ಲೆಕ್ಕ ತಿರುಗುಮುರುಗು. ಒಳಗಿನ ಗಾಳಿಯೇ ತಣ್ಣಗೆ, ಭಾರ. ಬಾವಿಯ ನೀರಿನಂತೆ ತಳದಲ್ಲಿ ನಿಂತುಬಿಡುತ್ತದೆ. ಅರಬ್ ದಾಳಿಗಳು ಹೆಚ್ಚಾಗಿ ಬರುತ್ತಿದ್ದದ್ದು ಬೇಸಿಗೆಯಲ್ಲೇ, ಪರ್ವತದ ಹಾದಿಗಳು ತೆರೆದ ಮೇಲೆ! ಆಗ ಕೈಹಿಡಿದದ್ದು ಬಹುಶಃ ಅಲ್ಲಿನ ತಂಪು ರಾತ್ರಿಗಳು, ದೀಪದ ಉರಿ, ಮತ್ತು ಅಡಗಿದವರ ಮೈಶಾಖ.

ಮೈಶಾಖದ ಮಾತು ಬಂತಲ್ಲ, ಎಲ್ಲ ಫಲಕಗಳಲ್ಲೂ ಕಾಣುವ 'ಇಪ್ಪತ್ತು ಸಾವಿರ ಜನ ಇರಬಹುದಾಗಿತ್ತು' ಎಂಬ ಮಾತನ್ನು ತೂಗಿ ನೋಡೋಣ. ಸುಮ್ಮನೆ ಕೂತ ಮನುಷ್ಯ ಸುಮಾರು 100 ವಾಟ್ ಶಾಖ ಬಿಡುತ್ತಾನೆ. 20,000 ಜನರೆಂದರೆ 20 ಲಕ್ಷ ವಾಟ್, ಅಂದರೆ ಒಂದು ಸಾವಿರ ಬಚ್ಚಲುಮನೆ ಗೀಸರುಗಳನ್ನು ನೆಲದಡಿಯಲ್ಲಿ ಹಗಲೂ ರಾತ್ರಿ ಹಚ್ಚಿಟ್ಟಂತೆ. ಗಂಟೆಗೆ ತಲಾ 15-20 ಲೀಟರ್ ಇಂಗಾಲದ ಡೈಆಕ್ಸೈಡು ಎಂದುಕೊಂಡರೆ ಒಟ್ಟು ಮೂರು ನಾಲ್ಕು ಲಕ್ಷ ಲೀಟರ್. ಶೌಚ ಎಲ್ಲಿ ಎಂದು ಕೇಳುವುದೇ ಬೇಡ. ಊರಿನವರೆಲ್ಲ ಇಳಿದು ಒಂದೆರಡು ದಿನ ಉಸಿರು ಬಿಗಿಹಿಡಿದು ಕೂತಿರಬಹುದು. ಇಪ್ಪತ್ತು ಸಾವಿರ ಜನ ತಿಂಗಳುಗಟ್ಟಲೆ ಸಂಸಾರ ನಡೆಸಿದರು ಎನ್ನುವುದನ್ನು ನಾನಂತೂ ನಂಬಲಾರೆ. ಅವರ ಮನೆ ನೆಲದ ಮೇಲಿತ್ತು, ಕೆಳಗಿದ್ದದ್ದು ಅಡಗುತಾಣ.

ಆ ಅಡಗುತಾಣದ ಬಳಕೆ ಮಧ್ಯಯುಗಕ್ಕೆ ಮುಗಿಯಲೂ ಇಲ್ಲ. 1909ರಲ್ಲಿ ಅದಾನ ಪಟ್ಟಣದಲ್ಲಿ ಅರ್ಮೇನಿಯನ್ ಕ್ರೈಸ್ತರ ಕಗ್ಗೊಲೆ ನಡೆದ ಸುದ್ದಿ ಬಂದಾಗ ಇಲ್ಲಿನ ಗ್ರೀಕ್ ಹಳ್ಳಿಯೊಂದರ ಜನ ರಾತ್ರಿಗಳನ್ನು ನೆಲದಡಿಯಲ್ಲಿ ಕಳೆದದ್ದನ್ನು ಭಾಷಾವಿದ್ವಾಂಸ ರಿಚರ್ಡ್ ಡಾಕಿನ್ಸ್ ದಾಖಲಿಸಿದ್ದಾರೆ. ಅವರು ಹೋಗಿದ್ದು ಅಲ್ಲಿನ ಗ್ರೀಕ್ ನುಡಿಯ ವ್ಯಾಕರಣ ಹುಡುಕಿಕೊಂಡು. 1923ರ ಒಪ್ಪಂದದಂತೆ ಗ್ರೀಸ್ ಮತ್ತು ಟರ್ಕಿ ತಮ್ಮ ಜನರನ್ನು ಧರ್ಮದ ಲೆಕ್ಕದಲ್ಲಿ ಅದಲುಬದಲು ಮಾಡಿಕೊಂಡಾಗ ಆ ಕ್ರೈಸ್ತರು ಊರು ಬಿಟ್ಟರು. ಸುರಂಗದ ದಾರಿ ತಿಳಿದವರು ಹೋದರು; ನಲವತ್ತು ವರ್ಷಗಳ ಮೇಲೆ ಗೋಡೆ ಒಡೆದವನಿಗೆ ಅಚ್ಚರಿಯಾದದ್ದರಲ್ಲಿ ಅಚ್ಚರಿಯೇನಿಲ್ಲ.

ಈಗಿನ ಗುಹೆ ವಸತಿಗಳು ಬಹುಪಾಲು ನೆಲದ ಮೇಲಿನ ಹಳೆಯ ಗುಹೆಮನೆಗಳೇ. ಹೊಸದಾಗಿ ಕೆತ್ತಿದ ಬೂದಿಗಲ್ಲು ಹಸಿ ಇರುವಾಗ ಮೆತ್ತಗಿರುತ್ತದೆ. ತೇವ ಆರುತ್ತಾ ಮೈಮೇಲೆ ಗಟ್ಟಿ ಚರ್ಮ ಕಟ್ಟುತ್ತದೆ. ಸಂಸಾರ ಬೆಳೆದರೆ ಇನ್ನೊಂದು ಕೋಣೆ, ಪಾತ್ರೆ ಹೆಚ್ಚಿದರೆ ಇನ್ನೊಂದು ಗೂಡು, ಕೆತ್ತಿಕೊಂಡರಾಯಿತು. ಆದರೆ ಮಳೆ ತನ್ನ ಕೆಲಸ ನಿಲ್ಲಿಸಿಲ್ಲ. ಝೆಲ್ವೆ ಎಂಬ ಗುಹೆಹಳ್ಳಿಯಲ್ಲಿ ಬಂಡೆ ಕುಸಿಯುವ ಭಯಕ್ಕೆ 1950ರ ದಶಕದಲ್ಲಿ ಜನರನ್ನೆಲ್ಲ ಬೇರೆಡೆಗೆ ಸಾಗಿಸಬೇಕಾಯಿತು. ಈಗ ಅದು ಬಯಲು ವಸ್ತುಸಂಗ್ರಹಾಲಯ.

ಇದಕ್ಕಿಂತ ಘೋರ ಕಥೆ ಕರಾಯಿನ್ ಮತ್ತು ತುಜ್‌ಕೊಯ್ ಹಳ್ಳಿಗಳದ್ದು. 1970ರ ದಶಕದಲ್ಲಿ ಅಂಕಾರದ ಎದೆರೋಗ ತಜ್ಞ ಇಜ್ಜೆತ್ತಿನ್ ಬರಿಶ್ ಅವರ ಬಳಿಗೆ ಈ ಪುಟ್ಟ ಹಳ್ಳಿಗಳಿಂದ ಒಂದೇ ಬಗೆಯ ರೋಗಿಗಳು ಬರತೊಡಗಿದರು. ಮೆಸೊಥೆಲಿಯೋಮ, ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್. ಸಾಮಾನ್ಯವಾಗಿ ಇದು ಆಸ್ಬೆಸ್ಟಾಸ್ ಧೂಳಿನಲ್ಲಿ ದುಡಿದವರಿಗೆ ಬರುವ ಅಪರೂಪದ ಕಾಯಿಲೆ. ಕರಾಯಿನ್‌ನಲ್ಲಿ ಸಾವುಗಳ ಅರ್ಧದಷ್ಟಕ್ಕೆ ಅದೇ ಕಾರಣವಾಗಿತ್ತು. ಹುಡುಕಿದಾಗ ಸಿಕ್ಕಿದ್ದು ಎರಿಯೊನೈಟ್ ಎಂಬ ಖನಿಜ: ಜ್ವಾಲಾಮುಖಿ ಬೂದಿ ನೀರಿನ ಸಹವಾಸದಲ್ಲಿ ರೂಪ ಬದಲಿಸಿ ಆದ ಸೂಕ್ಷ್ಮ ನಾರು. ಜನ ಆ ಕಲ್ಲಿನಿಂದಲೇ ಮನೆ ಕಟ್ಟಿದ್ದರು, ಹುಟ್ಟಿದಾರಭ್ಯ ಅದರ ಧೂಳು ಉಸಿರಾಡಿದ್ದರು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1987ರಲ್ಲಿ ಎರಿಯೊನೈಟನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ತುಜ್‌ಕೊಯ್ ಹಳ್ಳಿಯನ್ನು ಸ್ಥಳಾಂತರಿಸಲಾಯಿತು. ಈ ನಾರು ಎಲ್ಲ ಬೂದಿಗಲ್ಲಿನಲ್ಲೂ ಇಲ್ಲ, ಕೆಲವೇ ಕಡೆಯ ಪದರಗಳಲ್ಲಿದೆ. ಕರಾಯಿನ್ ಪಕ್ಕದ ಕರ್ಲಿಕ್ ಹಳ್ಳಿಗೆ ಈ ಪಿಡುಗು ತಟ್ಟಲೇ ಇಲ್ಲ.

ಇದನ್ನೆಲ್ಲ ಓದಿಕೊಂಡಿದ್ದ ನಾನು ಗುಹೆಕೋಣೆಯ ಮೊದಲ ಬೆಳಗ್ಗೆ ದಿಂಬಿನ ಮೇಲೆ ಬೆಳ್ಳಗಿನ ಪುಡಿ ಕಂಡು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತೆ. ಜುಲೈಯಲ್ಲೂ ಕಂಬಳಿ ಹೊದ್ದು ಮಲಗಿದ್ದೆ. ಕೋಣೆ ಗುಡಿಸಲು ಬಂದ ಮನೆಯೊಡತಿ ಪುಡಿಯನ್ನು ಅಂಗೈಯಲ್ಲಿ ಒರೆಸಿ, ನಕ್ಕು, ನಾನು ಸೂಟ್‌ಕೇಸ್ ಇಟ್ಟಿದ್ದ ಕಟ್ಟೆಯನ್ನು ತೋರಿಸಿದಳು. ಅದು ಗೋದಲಿ. ಅವಳ ಅಜ್ಜನ ಕಾಲದಲ್ಲಿ ಈ ಕೋಣೆ ಕೊಟ್ಟಿಗೆಯಾಗಿತ್ತಂತೆ. ಗೋದಲಿಯ ಅಂಚಿನಲ್ಲಿ ಹಗ್ಗ ಕಟ್ಟಲು ಕೊರೆದ ತೂತು, ಹಸುಗಳು ಜಗ್ಗಿ ಜಗ್ಗಿ ನುಣುಪಾಗಿತ್ತು. ಹಿಂದಿನ ರಾತ್ರಿ ಏನೆಂದು ತಿಳಿಯದೆ ನಾನು ಅದರಲ್ಲಿ ಟವೆಲ್ ಸಿಕ್ಕಿಸಿ ಒಣಹಾಕಿದ್ದೆ.